ಬಲಗಡೆಯ ಬಾಗಿಲು

ವಿಲ್ಲಾ ಬ್ರಾಗಾದೆಲ್, ಸಾನ್ ವೀತೊ
೧೧ ಮಾರ್ಚ್ ೧೯೬೨

ತಂಗಿ ನಿವೆಸ್‌ಗೆ,

ನಿನ್ನ ಕಾಗದ ಮೊನ್ನೆ ಕೈಸೇರಿತು. ಸ್ವಿಸ್ ಗಿರಣಿಯಲ್ಲಿ ಕೆಲಸ ಗಟ್ಟಿಯಾಯಿತು ಅಂತ ಓದಿ, ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದೆ. ಮಗ್ಗಗಳ ಸದ್ದಿಗೆ ಸಂಜೆಯವರೆಗೂ ಕಿವಿ ಗುಂಯ್ ಅನ್ನುತ್ತದೆ ಅಂತ ಬರೆದಿದ್ದೀಯ. ಒಳ್ಳೆಯದೇ ಬಿಡು, ಮೇಸ್ತ್ರಿ ಬೈದದ್ದೂ ಕೇಳಿಸುವುದಿಲ್ಲ.

ನಿನ್ನ ಮಗಳು ಮಿರೆಲ್ಲಾ ಮೊದಲ ವಾರ ಸಿಕ್ಕಾಪಟ್ಟೆ ಅತ್ತಳು. ಈಗ ಸಮಾಧಾನವಾಗಿದ್ದಾಳೆ. ಬೆಳಿಗ್ಗೆ ಸಿಸ್ಟರುಗಳ ಶಾಲೆಗೆ ಹೋಗುತ್ತಾಳೆ, ಮಧ್ಯಾಹ್ನ ಪೊಲೆಂತಾ ಗಂಜಿಗೆ ಹಾಲು ಸುರಿದುಕೊಂಡು ತಿನ್ನುತ್ತಾಳೆ, ರಾತ್ರಿ ಲಾಯದ ಮೇಲಿನ ಕೋಣೆಯಲ್ಲಿ ನನ್ನ ಬೆನ್ನಿಗೆ ಕಾಲು ಕೊಟ್ಟು ಮಲಗುತ್ತಾಳೆ. ನನ್ನ ಗಂಡ ಹೋದ ಮೇಲೆ ಈ ಹಾಸಿಗೆ ಬೆಚ್ಚಗಾಗಿದ್ದು ಈಗಲೇ.

ಒಂದು ವಿಷಯ ನೀನು ಹೊರಡುವಾಗ ಹೇಳಿರಲಿಲ್ಲ. ಹೇಳಿದ್ದರೆ ನೀನು ರೈಲು ಹತ್ತುತ್ತಿರಲಿಲ್ಲ. ಈ ಮನೆ ಕಾಯುವವರ ಜೊತೆ ಮಕ್ಕಳಿರಬಾರದು ಅಂತ ಧಣಿಗಳ ಕಟ್ಟಪ್ಪಣೆ ಇದೆ. ನನಗಿಂತ ಹಿಂದೆ ಇದ್ದವನ ಮಗ ಗೋಡೆಯ ಮೇಲೆ ಬರೆದ ದೇವತೆಯ ಮಂಡಿಗೆ ಮೊಳೆಯಲ್ಲಿ ತನ್ನ ಹೆಸರು ಕೆತ್ತಿದ್ದನಂತೆ. ನನಗೆ ಈ ಕೆಲಸ ಸಿಕ್ಕಿದ್ದೇ ಬಂಜೆ ಅಂತ. ಪಾರುಪತ್ಯಗಾರ ಮಾರ್ಕಾಂತೆ ತ್ರೆವಿಝೊದಿಂದ ಯಾವಾಗ ಬೇಕಾದರೂ ಮೋಟಾರಿನಲ್ಲಿ ಬಂದು ಇಳಿಯುತ್ತಾನೆ. ಅವನ ಕಣ್ಣಿಗೆ ಹುಡುಗಿ ಬಿದ್ದರೆ ನನ್ನ ಕೆಲಸವೂ ಹೋಯಿತು, ಸೂರೂ ಹೋಯಿತು, ಅವಳಿಗೆ ಅನಾಥಾಲಯವೇ ಗತಿ. ಆದರೆ ನೀನು ಚಿಂತೆ ಮಾಡಬೇಡ. ಮೋಟಾರಿನ ಸದ್ದು ಕೇಳಿದ ಕೂಡಲೇ ಮೊಲದ ಹಾಗೆ ಅಡಗುವುದನ್ನು ಕಲಿಸಿದ್ದೇನೆ. ಚುರುಕು ಹುಡುಗಿ.

ನಿನ್ನ ಅಕ್ಕ,
ಎರ್ಸಿಲಿಯಾ

*

ವಿಂಟರ್‌ಥೂರ್
೮ ಏಪ್ರಿಲ್ ೧೯೬೨

ಅಕ್ಕಾ,

ಕಾಗದ ಓದಿದೆ. ಅಲ್ಲೂ ಅಡಗಿಸಬೇಕು, ಇಲ್ಲೂ ಅಡಗಿಸಬೇಕು ಅಂದರೆ ನನ್ನ ಮಗು ಭೂಮಿಯ ಮೇಲೆ ಎಲ್ಲಿ ನಿಲ್ಲಬೇಕು?

ಇಲ್ಲಿನ ಕಾನೂನು ಗೊತ್ತಲ್ಲ. ನಮ್ಮ ಕೈ ಬೇಕು, ನಮ್ಮ ಮಕ್ಕಳು ಬೇಡ. ವರ್ಷಗಟ್ಟಲೆ ದುಡಿದು, ಇವರು ಒಪ್ಪುವಂಥ ಮನೆ ಮಾಡಿದ ಮೇಲೆ ಪರವಾನಗಿ ಕೊಡುತ್ತಾರಂತೆ. ಅಲ್ಲಿಯವರೆಗೆ ಗಂಡ ಸತ್ತವಳಾದರೂ ಅಷ್ಟೇ, ಮಗು ಮೊಲೆ ಬಿಟ್ಟಿರದಿದ್ದರೂ ಅಷ್ಟೇ.

ಅವಳಿಗೆ ಚಾಕಲೇಟು ಕಳಿಸಿದ್ದೇನೆ. ಒಂದೇ ಸಲ ಕೊಡಬೇಡ. ರಾತ್ರಿ ಮಲಗುವಾಗ ನನ್ನ ಬಗ್ಗೆ ಏನಾದರೂ ಹೇಳುತ್ತಿರು. ಏನು ಬೇಕಾದರೂ ಹೇಳು, ಸುಳ್ಳಾದರೂ ಸರಿ.

ನಿವೆಸ್

*

ವಿಲ್ಲಾ ಬ್ರಾಗಾದೆಲ್
೧೭ ಜೂನ್ ೧೯೬೨

ನಿವೆಸ್,

ಇವತ್ತು ನಿನ್ನನ್ನು ನಗಿಸುತ್ತೇನೆ. ನೀನು ಈ ಮನೆಯೊಳಗೆ ಕಾಲಿಟ್ಟವಳಲ್ಲ. ಚಿಕ್ಕವರಿದ್ದಾಗ ನಾವು ಗೇಟಿನ ಕಂಬಿ ಹಿಡಿದು ನೋಡಿದ್ದಷ್ಟೇ. ಆದ್ದರಿಂದ ಮೊದಲು ದೊಡ್ಡ ಹಜಾರದ ಕಥೆ ಕೇಳು. ರಸ್ತೆ ಕಡೆಯಿಂದ ಒಳಗೆ ಬಂದರೆ ಎಡಕ್ಕೆ ಸಾಲಾಗಿ ಬಾಗಿಲುಗಳಿವೆ. ಬಲಕ್ಕೂ ಅಷ್ಟೇ ಬಾಗಿಲುಗಳಿವೆ, ಆದರೆ ಅವು ಬರೆದವು. ಮನೆ ಕಟ್ಟಿದ ಕಾಲದ ಆ ಮಹಾರಾಯರಿಗೆ ಎರಡೂ ಕಡೆ ಸಮನಾಗಿರಬೇಕಿತ್ತು. ಬಲಗಡೆ ಕೋಣೆಗಳೇ ಇಲ್ಲ, ಬರೀ ಗೋಡೆ. ಹಾಗಾಗಿ ಚಿತ್ರಕಾರನ ಕೈಯಲ್ಲಿ ಬಾಗಿಲು ಬರೆಸಿದರು, ಅರ್ಧ ತೆರೆದ ಹಾಗೆ. ಒಂದರಲ್ಲಿ ನಾಯಿ ಹಿಡಿದ ಬೇಟೆಗಾರ, ಇನ್ನೊಂದರಲ್ಲಿ ಒಬ್ಬಳು ಮುದಿ ದಾದಿ, ಅವಳ ಪಕ್ಕದ ಬಾಗಿಲಲ್ಲಿ ಹಸಿರು ಅಂಗಿ ತೊಟ್ಟ ಪುಟ್ಟ ಹುಡುಗಿ. ಬಾಗಿಲ ಅಂಚಿಗೆ ಕೈಯಿಟ್ಟು ಇಣುಕುತ್ತಾಳೆ. ನೋಡಲು ಬಂದವರಲ್ಲಿ ಅವಳಿಗೆ ಕೈ ಬೀಸದವರೇ ಇಲ್ಲ.

ಹೋದ ವಾರ ಮಾರ್ಕಾಂತೆ ನಡೆದುಕೊಂಡೇ ಬಂದುಬಿಟ್ಟ, ಮೋಟಾರು ಸೇತುವೆ ಹತ್ತಿರ ಕೆಟ್ಟಿತ್ತಂತೆ. ಮಿರೆಲ್ಲಾ ಹಜಾರದ ಮಧ್ಯದಲ್ಲಿ ಆಡುತ್ತಿದ್ದಳು. ನನ್ನ ಜೀವ ಬಾಯಿಗೆ ಬಂತು. ಅವಳು ಏನು ಮಾಡಿದಳು ಗೊತ್ತೇ? ಎಡಗಡೆಯ ನಿಜವಾದ ಬಾಗಿಲಿಗೆ ಹೋಗಿ, ಅರ್ಧ ತೆರೆದು, ಅಂಚಿಗೆ ಕೈಯಿಟ್ಟು, ಎದುರಿನ ಹುಡುಗಿಯ ಹಾಗೇ ನಿಂತುಬಿಟ್ಟಳು. ಮಾರ್ಕಾಂತೆ ಹದಿನೈದು ವರ್ಷದಿಂದ ಈ ಹಜಾರ ನೋಡಿದವನು. ನೋಡಿ ನೋಡಿ ಅವನಿಗೆ ಯಾವ ಕಡೆ ಏನಿದೆ ಅಂತ ಕಾಣುವುದೇ ನಿಂತುಹೋಗಿದೆ. ಅವಳ ಮುಂದೆಯೇ ಹಾದುಹೋದ. ಹೋಗುವಾಗ ತಿರುಗಿ, "ಎರ್ಸಿಲಿಯಾ, ಆ ಹುಡುಗಿ ಮೂತಿ ಮೇಲೆ ಧೂಳು ಕೂತಿದೆ. ಒದ್ದೆ ಬಟ್ಟೇಲಿ ಒರೆಸ್ಬೇಡ, ಬಣ್ಣ ಹೋಗ್ತದೆ," ಅಂದ.

"ಆಯ್ತು ಸ್ವಾಮಿ, ಒಣ ಬಟ್ಟೇಲೇ ಒರೆಸ್ತೀನಿ," ಅಂದೆ.

ಅವನು ಹೋದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈಗ ಹಳೆಯ ಪರದೆ ಹರಿದು ಅವಳಿಗೂ ಒಂದು ಹಸಿರು ಅಂಗಿ ಹೊಲಿದಿದ್ದೇನೆ. ಅವಸರದಲ್ಲಿ ನೋಡಿದರೆ ಅವಳಿ ಜವಳಿ. ಭಾನುವಾರ ಮನೆ ನೋಡಲು ಬರುವ ಪಾದುವಾದ ಜನ, ಜರ್ಮನರು, ಎಲ್ಲರೂ ನೆಲ ಗೀರಬಾರದು ಅಂತ ನಾವು ಕೊಡುವ ಉಣ್ಣೆಯ ಮೆಟ್ಟನ್ನು ಬೂಟಿನ ಮೇಲೆ ಹಾಕಿಕೊಂಡು ನೆಲದ ಮೇಲೆ ಜಾರುತ್ತಾ ಬಂದು ಅವಳನ್ನು ನೋಡಿ, "ಆಹಾ, ಕಣ್ಣು ನೋಡಿ, ಜೀವ ಇದೆ!" ಅನ್ನುತ್ತಾರೆ. ಇರದೆ ಏನು!

ಎರ್ಸಿಲಿಯಾ

*

ವಿಂಟರ್‌ಥೂರ್
೧ ಜುಲೈ ೧೯೬೨

ಅಕ್ಕಾ,

ನಿನ್ನ ಕಾಗದವನ್ನು ಕೋಣೆಯವರಿಗೆಲ್ಲ ಓದಿ ಹೇಳಿದೆ. ಬೆರ್ಗಾಮೊದ ಕೊಂಚೆತ್ತಾ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಅತ್ತಳು. ಅವಳು ತನ್ನ ಮಗನನ್ನು ಕದ್ದು ಕರೆತಂದಿದ್ದಾಳೆ, ನಮ್ಮ ಮೇಲಿನ ಮಹಡಿಯಲ್ಲೇ ಬಚ್ಚಿಟ್ಟಿದ್ದಾಳೆ. ಹಗಲೆಲ್ಲ ಒಬ್ಬನೇ ಇರುತ್ತಾನೆ. ಬೂಟು ಹಾಕುವಂತಿಲ್ಲ, ಕಿಟಕಿಗೆ ಬರುವಂತಿಲ್ಲ. ಬಾಯಿಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಕಲಿಸಿದ್ದಾಳೆ.

"ನಿನ್ನ ಮಗಳು ಅಷ್ಟು ಚೆನ್ನಾಗಿ ಸುಮ್ಮನೆ ನಿಲ್ತಾಳೆ ಅಂದ್ರೆ ಕರ್ಕೊಂಡು ಬಾರೇ, ನನ್ನವನಿಗೂ ಸ್ವಲ್ಪ ಕಲಿಸಲಿ," ಅಂದಳು.

ತಮಾಷೆಗೆ ಅಂದಿದ್ದು. ಆದರೆ ಅದೇ ಮಾತು ಮಗ್ಗದ ಮುಂದೆ ದಿನವಿಡೀ ತಲೆಯಲ್ಲಿ ಸುತ್ತುತ್ತಿದೆ.

ನಿವೆಸ್

*

ವಿಲ್ಲಾ ಬ್ರಾಗಾದೆಲ್
೪ ನವೆಂಬರ್ ೧೯೬೨

ನಿವೆಸ್,

ತಡವಾಯಿತು. ಸತ್ತವರ ಹಬ್ಬಕ್ಕೆ ನಿನ್ನ ಗಂಡನ ಸಮಾಧಿಗೂ ಸೇವಂತಿಗೆ ಇಟ್ಟು ಬಂದೆ. ಮಿರೆಲ್ಲಾ ಬರಲಿಲ್ಲ. "ನಾನು ಬಂದ್ರೆ ಅವಳೊಬ್ಬಳೇ ಆಗ್ತಾಳೆ," ಅಂದಳು. ಅವಳು ಅಂದರೆ ಗೋಡೆಯವಳು. ಮಕ್ಕಳಿಗೆ ಗೆಳತಿಯರು ಬೇಕಲ್ಲ, ಅದಕ್ಕೆ ಬಿಟ್ಟು ಹೋದೆ.

ಈಗ ಯಾರೂ ಬರದ ದಿನವೂ ಹೋಗಿ ನಿಲ್ಲುತ್ತಾಳೆ. ಇಬ್ಬರೂ ಎದುರಾ ಬದುರಾ. ಇಷ್ಟು ಹೊತ್ತು ಕಣ್ಣು ಮಿಟುಕಿಸದೆ ಹೇಗೆ ನಿಲ್ಲುತ್ತೀಯೇ ಅಂತ ಕೇಳಿದೆ.

"ಅವಳು ಹೇಳ್ಕೊಟ್ಟಳು ದೊಡ್ಡಮ್ಮ. ಹತ್ತಿರ ಇರೋದನ್ನ ನೋಡ್ಬಾರ್ದಂತೆ. ದೂರ ಇರೋರನ್ನ ನೆನೆಸ್ಕೊಂಡು, ಅವರು ಬರೋ ದಾರೀನೇ ನೋಡ್ತಾ ಇರ್ಬೇಕಂತೆ."

"ಅವಳು ಯಾರ ದಾರಿ ನೋಡ್ತಾಳಂತೆ?"

"ಅವಳಿಗೆ ಯಾರೂ ಇಲ್ಲ. ಪಕ್ಕದಲ್ಲಿರೋದು ದಾದಿ, ಅಮ್ಮ ಅಲ್ಲ. ಅದಕ್ಕೇ ನಮ್ಮಮ್ಮನ ಬಗ್ಗೆ ಕೇಳ್ತಿರ್ತಾಳೆ. ರೈಲು ಹೇಗಿರತ್ತೆ, ಅಮ್ಮನ ಕೈ ಹೇಗಿರತ್ತೆ, ಎಲ್ಲಾನೂ ಹೇಳಿದೀನಿ."

ಚಳಿ ಜಾಸ್ತಿ. ಅವಳ ಕೈಗಳು ಎಷ್ಟು ಉಜ್ಜಿದರೂ ಬೆಚ್ಚಗಾಗುವುದಿಲ್ಲ. ಅದು ಬಿಟ್ಟರೆ ಎಲ್ಲ ಸರಿಯಾಗಿದೆ.

ಎರ್ಸಿಲಿಯಾ

*

ವಿಂಟರ್‌ಥೂರ್
೬ ಜನವರಿ ೧೯೬೩

ಅಕ್ಕಾ,

ಮಕ್ಕಳಿಗೆ ಉಡುಗೊರೆ ತರುವ ಬೆಫಾನಾ ಅಜ್ಜಿ ಈ ಹಬ್ಬಕ್ಕೆ ಅವಳ ಕಾಲುಚೀಲದಲ್ಲಿ ಏನಿಟ್ಟಳು? ನಾನು ಕಳಿಸಿದ ಕೋಟು ಆಯಿತೇ, ಗಿಡ್ಡವಾಯಿತೇ? ನೀನು ಬರೆಯಲೇ ಇಲ್ಲ. ಶಾಲೆಯ ಮಾತನ್ನೂ ಈಚೆಗೆ ಎತ್ತುತ್ತಿಲ್ಲ.

ನನ್ನ ದಾರಿಯನ್ನೇ ನೋಡುತ್ತಾ ನಿಲ್ಲುತ್ತಾಳೆ ಅಂತ ಓದಿದ ಮೇಲೆ ನನಗೆ ಇಲ್ಲಿ ಅನ್ನ ಇಳಿಯುತ್ತಿಲ್ಲ. ಕರೆದುಕೊಂಡು ಬರುತ್ತೇನೆ ಅಕ್ಕಾ. ಕೊಂಚೆತ್ತಾ ಮಾಡಿದ್ದು ನಾನು ಮಾಡಲಾರೆನೇ? ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಗೊತ್ತು. ಈಸ್ಟರ್‌ಗೆ ಬರಲೇ?

ನಿವೆಸ್

*

ವಿಲ್ಲಾ ಬ್ರಾಗಾದೆಲ್
೨೦ ಫೆಬ್ರವರಿ ೧೯೬೩

ನಿವೆಸ್,

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ. ಈಸ್ಟರ್‌ಗೆ ಬೇಡ. ಈ ಸಲದ ಚಳಿಗೆ ಕಾಲುವೆಯೇ ಹೆಪ್ಪುಗಟ್ಟಿದೆ, ಅಂಥದ್ದರಲ್ಲಿ ಮಗುವನ್ನು ರೈಲಿನಲ್ಲಿ ಎಳೆದುಕೊಂಡು ಹೋಗುವುದೇ? ಚರ್ಚಿನಲ್ಲಿ ಅವಳ ಮೊದಲ ಪ್ರಸಾದವೂ ಆಗಬೇಕು. ಮುಂದಿನ ವರ್ಷ ನೋಡೋಣ.

ಕೋಟು ಸರಿಯಾಗಿದೆ. ಅವಳು ಚೆನ್ನಾಗಿದ್ದಾಳೆ.

ಎರ್ಸಿಲಿಯಾ

*

ವಿಂಟರ್‌ಥೂರ್
೧೨ ಮೇ ೧೯೬೩

ಅಕ್ಕಾ,

ಮುಂದಿನ ವರ್ಷ ಅಂತೆ! ಅವಳು ನನ್ನ ಮಗಳು ಅನ್ನುವುದು ನಿನಗೆ ಮರೆತುಹೋದ ಹಾಗಿದೆ. ಒಂದು ಫೋಟೊ ಕಳಿಸು ಅಂದೆ, ಕಳಿಸಲಿಲ್ಲ. ಅವಳ ಕೈಯಲ್ಲಿ ಎರಡು ಸಾಲು ಬರೆಸು ಅಂದೆ, ಬರೆಸಲಿಲ್ಲ. ಒಳಗೊಳಗೇ ಏನು ನಡೆಸಿದ್ದೀಯ?

ಆಗಸ್ಟಿನಲ್ಲಿ ಗಿರಣಿಗೆ ರಜೆ. ಯಾವ ದಿನ ಬರುತ್ತೇನೆ ಅಂತ ಹೇಳುವುದಿಲ್ಲ. ಹೇಳಿದರೆ ನೀನು ಇನ್ನೊಂದು ನೆಪ ಹುಡುಕುತ್ತೀಯ.

ನಿವೆಸ್

*

ವಿಂಟರ್‌ಥೂರ್
೧೪ ಆಗಸ್ಟ್ ೧೯೬೩

ಅಕ್ಕಾ,

ಸಿಟ್ಟಾಗಬೇಡ. ನಾನೇ ಕರೆದುಕೊಂಡು ಬಂದೆ, ಕ್ಷೇಮವಾಗಿ ತಲುಪಿದ್ದೇವೆ.

ಭಾನುವಾರ ಬಂದಿದ್ದೆ. ನೋಡಲು ಬಂದ ಜನರ ನಡುವೆಯೇ ಸೇರಿಕೊಂಡೆ. ನಿನ್ನ ಬುಟ್ಟಿಯಿಂದ ಮೆಟ್ಟು ತೆಗೆದು ಹಾಕಿಕೊಂಡೆ, ಯಾರೂ ಗುರುತಿಸಲಿಲ್ಲ. ನೀನು ಆಚೆ ತುದಿಯಲ್ಲಿ ಜರ್ಮನರ ಗುಂಪಿಗೆ ಚಾವಣಿಯಲ್ಲಿ ಬರೆದ ದೇವತೆಗಳನ್ನು ತೋರಿಸುತ್ತಿದ್ದೆ. ನಿನ್ನ ಮುಖ ನೋಡಿದರೆ ನನ್ನ ಧೈರ್ಯ ಹೋಗುತ್ತಿತ್ತು. ಅವಳು ನೀನು ಬರೆದ ಹಾಗೇ ಹಸಿರು ಅಂಗಿ ತೊಟ್ಟು ಬಲಗಡೆಯ ಬಾಗಿಲಲ್ಲಿ ಇಣುಕುತ್ತಾ ನಿಂತಿದ್ದಳು. ಕೈ ಚಾಚಿದೆ.

"ಅಮ್ಮ ಬಂದಿದೀನಿ, ಬಾ ಪುಟ್ಟಿ," ಅಂದೆ.

ನನ್ನ ಕೈಯನ್ನೇ ತುಂಬಾ ಹೊತ್ತು ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಬಂದಳು. ಮೊದಲ ಸಲ ನಡೆಯುವ ಕೂಸಿನ ಹಾಗೆ ಕಾಲು ಊರುತ್ತಿದ್ದಳು. ನೋಡಿ ಹೊಟ್ಟೆ ಉರಿಯಿತು. ನಿಲ್ಲಿಸಿ ನಿಲ್ಲಿಸಿ ಅವಳ ಕಾಲೇ ಕೆಡಿಸಿದ್ದೀಯ. ಬಿಟ್ಟು ಹೋದಾಗ ಎಷ್ಟಿದ್ದಳೋ ಅಷ್ಟೇ ಇದ್ದಾಳೆ. ಹೊಟ್ಟೆಗೆ ಏನು ಹಾಕುತ್ತಿದ್ದೆ?

ಗಡಿಯಲ್ಲಿ ಪೊಲೀಸಿನವನು ರೈಲು ಡಬ್ಬಿಯೊಳಗೆ ಬಂದಾಗ ನಾನು ಬೆವತುಹೋದೆ. ಅವನು ಅವಳ ಕಡೆ ನೋಡಿದ, ಗೋಡೆ ನೋಡಿದ ಹಾಗೆ ಕಣ್ಣು ಸರಿಸಿ ಮುಂದೆ ಹೋದ. ನಿನ್ನ ಪಾಠ ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು. ಇನ್ನೂ ಮಾತಾಡುತ್ತಿಲ್ಲ. ನಾಚಿಕೆ ಇರಬೇಕು.

ನಿವೆಸ್

*

ವಿಲ್ಲಾ ಬ್ರಾಗಾದೆಲ್
೨೦ ಆಗಸ್ಟ್ ೧೯೬೩

ನಿವೆಸ್,

ನಿನ್ನ ಕಾಗದ ಬಂತು. ಒಂದೇ ಒಂದು ಮಾತು ಕೇಳುತ್ತೇನೆ, ದೇವರಾಣೆ ಮಾಡಿ ಹೇಳು. ಯಾವ ಕಡೆಯಿಂದ ಒಳಗೆ ಬಂದೆ? ತೋಟದ ಕಡೆಯಿಂದ ಬಂದವರಿಗೆ ಎಡಬಲ ಅದಲುಬದಲಾಗುತ್ತದೆ. ಹಾಗೇ ಆಗಿರಲಿ ಅಂತ ಮಾತೆಗೆ ಹರಕೆ ಹೊತ್ತಿದ್ದೇನೆ. ಆದರೆ ತೋಟದ ಬಾಗಿಲಿಗೆ ಅವತ್ತು ಬೀಗ ಹಾಕಿದ್ದು ನಾನೇ. ಮೆಟ್ಟಿನ ಬುಟ್ಟಿ ಇರುವುದೂ ರಸ್ತೆ ಕಡೆಯಲ್ಲೇ.

ಬಲಗಡೆ ಬಾಗಿಲಿಲ್ಲ, ನಿವೆಸ್. ಬಲಗಡೆ ಇರುವುದು ಗೋಡೆ.

ಎರ್ಸಿಲಿಯಾ

*

ವಿಂಟರ್‌ಥೂರ್
೨೮ ಆಗಸ್ಟ್ ೧೯೬೩

ರಸ್ತೆ ಕಡೆಯಿಂದಲೇ ಬಂದೆ. ಆದರೇನು? ಅವಸರದಲ್ಲಿ ಎಡವನ್ನು ಬಲ ಅಂತ ಬರೆದಿರಬಹುದು. ಅದಕ್ಕೆ ಇಷ್ಟು ದೊಡ್ಡ ನಾಟಕವೇ?

ನಿನಗೆ ಮಕ್ಕಳಾಗಲಿಲ್ಲ, ಅದಕ್ಕೆ ನನಗೂ ವ್ಯಥೆ ಇದೆ. ಆದರೆ ಹೊಟ್ಟೆಕಿಚ್ಚಿಗೆ ಒಂದು ಮಿತಿ ಬೇಡವೇ? ನನ್ನ ಮಗಳು ನನ್ನ ಮಂಚದ ಮೇಲೆ ಕೂತಿದ್ದಾಳೆ. ನನ್ನ ಕೈ ಹಿಡಿದುಕೊಂಡಿದ್ದಾಳೆ. ಇನ್ನು ಇಂಥ ಕಾಗದ ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ನಿವೆಸ್

*

ವಿಲ್ಲಾ ಬ್ರಾಗಾದೆಲ್
೮ ಸೆಪ್ಟೆಂಬರ್ ೧೯೬೩

ನಿವೆಸ್,

ಒಲೆಗೆ ಹಾಕುವ ಮೊದಲು ಓದು. ಹೋದ ಕಾಗದದಲ್ಲಿ ಇದನ್ನೆಲ್ಲ ಬರೆಯುವ ಧೈರ್ಯ ನನಗಿರಲಿಲ್ಲ.

ನೀನು ಬಂದ ಭಾನುವಾರ ಮಿರೆಲ್ಲಾ ಹಜಾರದಲ್ಲಿ ಇರಲೇ ಇಲ್ಲ. ಅವಳಿಗೆ ಜ್ವರ ಬಂದು ಹೋಗಿತ್ತು, ಇವತ್ತು ನಿಲ್ಲಬೇಡ ಅಂತ ನಾನೇ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸಲು ಕೂರಿಸಿದ್ದೆ. ಜನ ಹೋದ ಮೇಲೆ ಮೆಟ್ಟುಗಳನ್ನು ಆರಿಸುತ್ತಾ ತಲೆಯೆತ್ತಿ ನೋಡಿದರೆ, ಬಲಗಡೆಯ ಗೋಡೆಯಲ್ಲಿ ಬರೆದ ಬಾಗಿಲು ಹಾಗೇ ಇದೆ, ಅರ್ಧ ತೆರೆದಿದೆ, ಒಳಗೆ ಕಪ್ಪು. ಹುಡುಗಿ ಇಲ್ಲ. ಪಕ್ಕದ ದಾದಿ ಆ ಖಾಲಿ ಬಾಗಿಲಿನ ಕಡೆಗೆ ಮುಖ ತಿರುಗಿಸಿದ್ದಾಳೆ. ಮೊದಲು ಅವಳು ನಮ್ಮ ಕಡೆ ನೋಡುತ್ತಿದ್ದಳು.

ಗೋಡೆ ಸವರಿ ನೋಡಿದೆ. ನುಣ್ಣಗೆ, ತಣ್ಣಗೆ, ಎಲ್ಲೂ ಬಿರುಕಿಲ್ಲ. ನಾನು ಹುಚ್ಚಿಯಾದೆ ಅಂದುಕೊಂಡೆ. ಆದರೆ ಮಿರೆಲ್ಲಾ ಬಂದು ನೋಡಿ, "ಹೋದ್ಲಾ? ಹೋಗ್ತೀನಿ ಅಂತಿದ್ಲು," ಅಂದಳು, ಪಕ್ಕದ ಮನೆಯವಳು ಸಂತೆಗೆ ಹೋದಳು ಅನ್ನುವ ಹಾಗೆ.

ಮಂಗಳವಾರ ಮಾರ್ಕಾಂತೆ ಪಾದುವಾದಿಂದ ಒಬ್ಬ ಪ್ರೊಫೆಸರನ್ನು ಕರೆತರುವವನಿದ್ದ, ಆ ಬಲಗಡೆಯ ಚಿತ್ರಗಳನ್ನೇ ನೋಡಲು. ಗೋಡೆಯ ಮೇಲಿನ ಹುಡುಗಿ ಎಲ್ಲಿ ಅಂದರೆ ಏನು ಹೇಳಲಿ? ಎರಡು ದಿನ ತುತ್ತು ಇಳಿಯಲಿಲ್ಲ. ಮಿರೆಲ್ಲಾ ನನ್ನನ್ನೇ ನೋಡುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಹಸಿರು ಅಂಗಿ ತೊಟ್ಟುಕೊಂಡು ಬಂದಳು.

"ಯಾರಾದ್ರೂ ನಿಂತ್ಕೋಬೇಕಲ್ಲ ದೊಡ್ಡಮ್ಮ. ಇಲ್ದಿದ್ರೆ ನಿಮ್ಮನ್ನ ಓಡಿಸ್ತಾರೆ."

"ಹುಚ್ಚು ಹುಡ್ಗಿ, ಅದು ಗೋಡೆ ಕಣೇ. ಗೋಡೇಲಿ ಹೇಗೆ ನಿಲ್ತೀಯ?"

"ನಂಗೆ ಬರತ್ತೆ," ಅಂದಳು. "ಸ್ವಲ್ಪ ಹೊತ್ತು ಅಷ್ಟೇ. ಅವಳು ಬರೋವರೆಗೂ."

ಬೇಡ ಅಂದೆ, ನಿವೆಸ್. ಅಂದೆ. ಅಷ್ಟರಲ್ಲಿ ಗೇಟಿನ ಹತ್ತಿರ ಮೋಟಾರು ಕೂಗಿತು, ನಾನು ಮೆಟ್ಟಿನ ಬುಟ್ಟಿ ತರಲು ಓಡಿದೆ. ವಾಪಸು ಬರುವಷ್ಟರಲ್ಲಿ ಬಲಗಡೆಯ ಬಾಗಿಲಲ್ಲಿ ಹುಡುಗಿ ಇದ್ದಳು.

ಪ್ರೊಫೆಸರು ಕನ್ನಡಕ ಎತ್ತಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. "ಈ ಭಾಗದ ಬಣ್ಣ ಎಷ್ಟು ಹೊಸದಾಗಿ ಉಳಿದಿದೆ ನೋಡಿ ಮಾರ್ಕಾಂತೆ! ನಿನ್ನೆ ಬರೆದ ಹಾಗಿದೆ," ಅಂದ.

ಅವರು ಹೋದ ಮೇಲೆ ಕರೆದೆ. ಬೈದೆ. ಕಾಲಿಗೆ ಬಿದ್ದೆ. ಹತ್ತಿರ ಹತ್ತಿರ ನಾಲ್ಕು ವಾರದಿಂದ ಕರೆಯುತ್ತಲೇ ಇದ್ದೇನೆ. ಬರಲಾರಳು, ಜಾಗ ಬಿಡಲು ಇನ್ನೊಬ್ಬಳು ಬರಬೇಕು. ನಿನ್ನ ಹತ್ತಿರ ಇರುವವಳನ್ನು ಕರೆದುಕೊಂಡು ಬಾ. ನಿನ್ನ ಕಾಲು ಹಿಡಿಯುತ್ತೇನೆ, ಬೇಗ ಬಾ.

ಎರ್ಸಿಲಿಯಾ

*

ವಿಂಟರ್‌ಥೂರ್
೨ ಫೆಬ್ರವರಿ ೧೯೬೪

ಅಕ್ಕಾ,

ಐದು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಇವಳು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು.

ಕೊಂಚೆತ್ತಾಳ ಮಗ ಕ್ರಿಸ್ಮಸ್ ಆದ ಮೇಲೆ ಸಿಕ್ಕಿಬಿದ್ದ. ಕೆಮ್ಮು, ಅಷ್ಟೇ. ದಿಂಬು ಸಾಲಲಿಲ್ಲ. ಕೆಳಗಿನವರು ದೂರು ಕೊಟ್ಟರು, ಇಬ್ಬರನ್ನೂ ರೈಲು ಹತ್ತಿಸಿದರು. ಅವಳು ಹೋಗುವಾಗ ನನ್ನ ಕೋಣೆಗೆ ಬಂದಳು, ಇವಳು ಬೀರುವಿನ ಪಕ್ಕ ನಿಂತಿದ್ದಳು, ಆದರೂ "ನಿನ್ನ ಮಗಳೆಲ್ಲೇ? ಒಂದ್ಸಲ ನೋಡಿ ಹೋಗ್ತೀನಿ," ಅಂದಳು.

ಮನೆಯೊಡತಿ ವಾರಕ್ಕೊಮ್ಮೆ ಬಂದು ಹಾಸಿಗೆ ಎತ್ತಿ ನೋಡುತ್ತಾಳೆ. ಇವಳ ಮುಂದೆಯೇ ಓಡಾಡುತ್ತಾಳೆ. ಇವಳು ಕೆಮ್ಮುವುದಿಲ್ಲ, ಅಳುವುದಿಲ್ಲ, ಹಸಿವು ಅನ್ನುವುದಿಲ್ಲ. ಬಚ್ಚಲಲ್ಲಿ ಮೈ ತೊಳೆದರೆ ಸುಣ್ಣದ ವಾಸನೆ ಬರುತ್ತದೆ. ನನ್ನ ಮಿರೆಲ್ಲಾಳ ಎಡ ಕಿವಿಯ ಹಿಂದೆ ಒಂದು ಮಚ್ಚೆ ಇತ್ತು. ನಾನು ಇವಳ ಕಿವಿಯ ಹಿಂದೆ ನೋಡಿಲ್ಲ. ನೋಡುವುದೂ ಇಲ್ಲ.

ನನ್ನನ್ನು ಬೈಯಬೇಡ, ಹೇಳುವುದನ್ನು ಪೂರ್ತಿ ಕೇಳು. ಈ ದೇಶಕ್ಕೆ ಬೇಕಾದದ್ದು ಇಂಥ ಮಗುವೇ. ನನ್ನ ಮಗಳನ್ನು ಕರೆತಂದರೆ ಒಂದು ದಿನ ನಗುತ್ತಾಳೆ, ಓಡುತ್ತಾಳೆ, ಸೀನುತ್ತಾಳೆ. ಮಾರನೆಯ ದಿನ ನಾವಿಬ್ಬರೂ ಬೀದಿಯಲ್ಲಿರುತ್ತೇವೆ. ಅಲ್ಲಿ ಅವಳಿಗೆ ಚಳಿಯಿಲ್ಲ, ಹಸಿವಿಲ್ಲ, ಮಾರ್ಕಾಂತೆಯ ಭಯವಿಲ್ಲ. ಅಲ್ಲವೇ? ಹೇಗೂ ನಿಂತಿದ್ದಾಳೆ. ಪರವಾನಗಿ ಬರುವವರೆಗೆ ನಿಂತಿರಲಿ. ಬಂದ ದಿನವೇ ಇವಳನ್ನು ಅಲ್ಲಿ ನಿಲ್ಲಿಸಿ ಅವಳನ್ನು ಕರೆದುಕೊಳ್ಳುತ್ತೇನೆ. ಅಮ್ಮ ಬರುತ್ತಾಳೆ ಅಂತ ಅವಳಿಗೆ ದಿನಾ ಹೇಳು.

ಮತ್ತೆ, ಮನೆಗೆ ಬಂದಾಗ ಯಾರೋ ಒಬ್ಬರು ನನಗಾಗಿ ಕಾಯುತ್ತಿರುತ್ತಾರೆ. ಅದನ್ನೂ ನಾನು ಬಿಡಲಾರೆ.

ನಿವೆಸ್

*

ವಿಂಟರ್‌ಥೂರ್
೯ ಏಪ್ರಿಲ್ ೧೯೬೭

ಅಕ್ಕಾ,

ಪರವಾನಗಿ ಬಂತು. ಎರಡು ಕೋಣೆಯ ಮನೆಯೂ ಸಿಕ್ಕಿದೆ, ಕಿಟಕಿಯಿಂದ ಶಾಲೆ ಕಾಣುತ್ತದೆ. ಕಾಗದದ ಮೇಲೆ "ಮಗಳು: ಒಬ್ಬಳು" ಅಂತ ಬರೆದು ಮೊಹರು ಒತ್ತಿದ್ದಾರೆ.

ಮೂರು ವರ್ಷ ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ನಿನ್ನ ಹತ್ತಿರವೇ ಕೇಳಬೇಕಾಗಿದೆ. ಇವಳು ಹಿಂದಿನ ವರ್ಷದಿಂದ ಮಾತಾಡುತ್ತಿದ್ದಾಳೆ. ಮೊದಲು ಬಂದ ಮಾತೇ "ಅಮ್ಮ". ಅವತ್ತಿನಿಂದ ಬೆಳೆಯತೊಡಗಿದಳು, ಅಂಗಿಗಳೆಲ್ಲ ಗಿಡ್ಡವಾದವು. ಕೈ ಬೆಚ್ಚಗಿದೆ. ಜಗಳವಾಡುತ್ತಾಳೆ. ಮೊನ್ನೆ ಕೆಮ್ಮಿದಳು ಅಕ್ಕಾ, ಮನೆಯೊಡತಿ ಮೆಟ್ಟಿಲು ಹತ್ತಿ ಬಂದು, "ಯಾರದು?" ಅಂದಳು. ನಾನು ಪರವಾನಗಿ ತೋರಿಸಿ, "ನನ್ನ ಮಗಳು," ಅಂದೆ. ಬಾಯಿ ತಡವರಿಸಲಿಲ್ಲ.

ವಿಲ್ಲಾಗೆ ಹೋಗೋಣ ಅಂತ ನಿನ್ನೆ ಹೇಳಿದೆ. ಇವಳ ಮುಖದ ಬಣ್ಣ ಹೋಯಿತು. ಆಗಿನಿಂದ ಬಾಗಿಲ ಅಂಚು ಹಿಡಿದು ನಿಂತಿದ್ದಾಳೆ, ಕದಲುತ್ತಿಲ್ಲ. "ನಾನು ಏನ್ ತಪ್ಪು ಮಾಡ್ದೆ ಅಮ್ಮ?" ಅಂದಳು, ಅಷ್ಟೇ.

ಒಬ್ಬಳಿಗೆ ಮಾತು ಕೊಟ್ಟಿದ್ದೇನೆ. ಇನ್ನೊಬ್ಬಳನ್ನು ಸಾಕಿದ್ದೇನೆ. ಮಿರೆಲ್ಲಾ ನನ್ನ ಬಗ್ಗೆ ಕೇಳುತ್ತಾಳೆಯೇ? ಅವಳು ಕೇಳುತ್ತಾಳೆ ಅಂತ ನೀನು ಬರೆದರೆ ನಾಳೆಯೇ ಹೊರಡುತ್ತೇನೆ, ಇವಳ ಕೈ ಬಿಡಿಸಿಕೊಂಡಾದರೂ.

ನಿವೆಸ್

*

ವಿಲ್ಲಾ ಬ್ರಾಗಾದೆಲ್
೧೬ ಏಪ್ರಿಲ್ ೧೯೬೭

ನಿವೆಸ್,

ಪರವಾನಗಿ ಬಂದದ್ದು ಕೇಳಿ ಸಂತೋಷವಾಯಿತು.

ಮಾರ್ಕಾಂತೆ ಹೋದ ವರ್ಷ ತೀರಿಕೊಂಡ. ಹೊಸಬ ಒಳ್ಳೆಯವನು, ಮಕ್ಕಳಿದ್ದರೆ ಇರಲಿ ಬಿಡಮ್ಮ ಅಂದ. ಈಗ ಹೇಳುತ್ತಾನೆ! ಜನ ಬಸ್ಸು ಬಸ್ಸು ಬರುತ್ತಾರೆ. ಬಲಗಡೆಯ ಹುಡುಗಿಯ ಮುಂದೆ ಯಾಕೋ ದನಿ ತಗ್ಗಿಸುತ್ತಾರೆ. ಮೊದಲಿನ ಹಾಗೆ ಕೈ ಬೀಸುವುದಿಲ್ಲ.

ಅವಳು ಹಾಗೇ ಇದ್ದಾಳೆ, ಅವತ್ತಿನಷ್ಟೇ ಎತ್ತರ. ಮೊದಲ ವರ್ಷ ಒಣ ಬಟ್ಟೆಯಲ್ಲಿ ಧೂಳು ಒರೆಸುವಾಗ ಕೇಳುತ್ತಿದ್ದಳು, ಅಮ್ಮ ಬಂದಳಾ ಅಂತ. ಕಿವಿಯನ್ನು ಗೋಡೆಗೆ ಒತ್ತಿದರೆ ಮಾತ್ರ ಕೇಳಿಸುತ್ತದೆ. ಬರುತ್ತಾಳೆ ಅನ್ನುತ್ತಿದ್ದೆ. ನೀನು ಹೇಳಿದ ಹಾಗೆ ದಿನಾ ಹೇಳಿದೆ. ಆಮೇಲೆ ವಾರಕ್ಕೊಮ್ಮೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ನಾನೇ ಕುರ್ಚಿ ಹಾಕಿಕೊಂಡು ಸಂಜೆ ಅವಳ ಹತ್ತಿರ ಕೂರುತ್ತೇನೆ, ಹೆಣೆಯುತ್ತಾ ಊರ ಸುದ್ದಿ ಹೇಳುತ್ತೇನೆ. ಅವಳು ಆಚೆಯಿಂದ ನಗುವುದು ಗೊತ್ತಾಗುತ್ತದೆ.

ನಿನ್ನ ಕಾಗದ ಬಂದ ದಿನ ಗೋಡೆಗೆ ಬಾಯಿಟ್ಟು, "ಪುಟ್ಟಿ, ನಿಮ್ಮಮ್ಮ ಬರ್ತಾಳಂತೆ," ಅಂದೆ.

"ನೀನು ಇಲ್ಲೇ ಇದೀಯಲ್ಲ ಅಮ್ಮ," ಅಂದಳು.

ನಾನು ಅಲ್ಲ ಅನ್ನಲಿಲ್ಲ.

ಎರ್ಸಿಲಿಯಾ